ಓದುಗರ ಪ್ರಶ್ನೆಗೆ ಉತ್ತರ: ಒಂದು ದೇಶ ಇನ್ನೊಂದು ದೇಶಕ್ಕೆ ನೆರವು ಕೊಡುವುದೇಕೆ?

ಬೇರೆ ದೇಶಗಳಿಗೆ ಅಮೆರಿಕ ಸರ್ಕಾರದ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯನ್ನು ಮುಚ್ಚಿದ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದ ಚಿಕ್ಕ ಟಿಪ್ಪಣಿಗೆ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಬೇರೆಬೇರೆ ದಿಕ್ಕಿನಿಂದ ಕೇಳಿದ ಏಳು ಪ್ರಶ್ನೆಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, 1960ರ ದಶಕದ ಕೊನೆಯಲ್ಲಿ ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಧ್ಯಾಹ್ನ ಹಳದಿ ಬಣ್ಣದ ಉಪ್ಪಿಟ್ಟನ್ನೂ ಪುಡಿ ಕದಡಿ ಕಾಯಿಸಿದ ಹಾಲನ್ನೂ ಕೊಡುತ್ತಿದ್ದರು. ಅದು ಬರುತ್ತಿದ್ದ ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರವಿರುತ್ತಿತ್ತು. ಅಮೆರಿಕದವರು ಕರುಣೆಯಿಂದ ಕಳಿಸಿದ್ದೆಂದು ಮೇಷ್ಟ್ರು ಹೇಳುತ್ತಿದ್ದರು. ತಮ್ಮಲ್ಲಿ ಮಿಕ್ಕಿದ್ದನ್ನು ನಮ್ಮ ತಟ್ಟೆಗೆ ಸುರಿದರೆಂದು ಈಗ ಓದುತ್ತಿದ್ದೇನೆ. ಯಾವುದು ನಿಜ? (ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ)

ಉತ್ತರ: ಎರಡೂ ನಿಜ. ಎರಡೂ ಒಂದೇ ಕಾಯಿದೆಯೊಳಗೆ ಇದ್ದವು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಎರಡನೇ ಮಹಾಯುದ್ಧದ ನಂತರ ಅಮೆರಿಕ ಸರ್ಕಾರ ತನ್ನ ರೈತರಿಗೆ ಬೆಂಬಲ ಬೆಲೆ ಕೊಟ್ಟು ಧಾನ್ಯವನ್ನು ತಾನೇ ಕೊಳ್ಳುತ್ತಿತ್ತು. ಉಗ್ರಾಣಗಳು ತುಂಬಿ, ಅವುಗಳನ್ನು ಕಾಯುವ ವೆಚ್ಚವೇ ತಲೆನೋವಾಯಿತು. ಮಾರುಕಟ್ಟೆಗೆ ಬಿಟ್ಟರೆ ಬೆಲೆ ಕುಸಿಯುತ್ತದೆ, ಇಟ್ಟುಕೊಂಡರೆ ಹುಳ ಹಿಡಿಯುತ್ತದೆ. 1954ರ ಜುಲೈಯಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಬ್ಲಿಕ್ ಲಾ 480, ಅಂದರೆ ನಮ್ಮವರ ಬಾಯಲ್ಲಿ ‘ಪಿಎಲ್ 480’, ಈ ಇಕ್ಕಟ್ಟಿಗೆ ಹುಡುಕಿದ ದಾರಿ. ಡಾಲರ್ ಇಲ್ಲದ ದೇಶಗಳು ತಮ್ಮದೇ ನಾಣ್ಯದಲ್ಲಿ ಬೆಲೆ ಕೊಟ್ಟು ಅಮೆರಿಕದ ಮಿಗತೆ ಧಾನ್ಯವನ್ನು ಕೊಳ್ಳಬಹುದು ಎಂದು ಅದು ಹೇಳಿತು. ಅದೇ ಕಾಯಿದೆಯ ಇನ್ನೊಂದು ಭಾಗದಲ್ಲಿ, ಕೇರ್‌ನಂತಹ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಡವರಿಗೆ, ಮಕ್ಕಳಿಗೆ ಆಹಾರವನ್ನು ಉಚಿತವಾಗಿ ಹಂಚಲು ಅವಕಾಶವಿತ್ತು. ಯುದ್ಧದಿಂದ ನಲುಗಿದ ಯುರೋಪಿಗೆ ಆಹಾರದ ಪೊಟ್ಟಣ ಕಳಿಸಲೆಂದು 1945ರಲ್ಲಿ ಹುಟ್ಟಿದ ಕೇರ್, ನಿಮ್ಮ ಕಾಲದ ಮೈಸೂರು ರಾಜ್ಯದ ಶಾಲೆಗಳವರೆಗೆ ಬಂದದ್ದು ಈ ದಾರಿಯಲ್ಲಿ. ನಿಮ್ಮ ಉಪ್ಪಿಟ್ಟು ಹಳದಿಯಾಗಿದ್ದುದಕ್ಕೆ ಕಾರಣ ಮೆಕ್ಕೆಜೋಳ. ಮೆಕ್ಕೆಜೋಳ, ಸೋಯಾ ಮತ್ತು ಹಾಲಿನ ಪುಡಿಗಳನ್ನು ಬೆರೆಸಿ, ಮಕ್ಕಳಿಗೆ ಪ್ರೋಟೀನು ಸಾಲದೆ ಬರಬಾರದೆಂದು ಲೆಕ್ಕಹಾಕಿ ತಯಾರಿಸಿದ ಆಹಾರ ಆ ವರ್ಷಗಳಲ್ಲೇ ಬಳಕೆಗೆ ಬಂತು. ಅದನ್ನು ರೂಪಿಸಿದ ಆಹಾರ ವಿಜ್ಞಾನಿಗಳ ಕಾಳಜಿಯನ್ನು ಅನುಮಾನಿಸಲು ಕಾರಣವಿಲ್ಲ. ಆ ಮೆಕ್ಕೆಜೋಳ ಅಮೆರಿಕದ ಉಗ್ರಾಣದಲ್ಲಿ ಮಿಕ್ಕಿತ್ತೆಂಬುದನ್ನು ಅಲ್ಲಗಳೆಯಲೂ ಆಗದು.

ಭಾರತ ಈ ಕಾಯಿದೆಯಡಿ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟಿನಲ್ಲಿ. 1960ರ ಮೇ ತಿಂಗಳಲ್ಲಿ ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ 1 ಕೋಟಿ 60 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಗೆ ಸಹಿ ಹಾಕಿದರು. ನಾವು ಕೊಟ್ಟ ರೂಪಾಯಿ ಅಮೆರಿಕಕ್ಕೆ ಹೋಗಲಿಲ್ಲ. ಭಾರತದಲ್ಲೇ ಅಮೆರಿಕದ ಹೆಸರಿನ ಖಾತೆಯಲ್ಲಿ ಬೆಳೆಯಿತು. ಅದರ ಬಹುಪಾಲನ್ನು ನಮ್ಮ ಸರ್ಕಾರಕ್ಕೇ ಸಾಲವಾಗಿಯೂ ಅನುದಾನವಾಗಿಯೂ ತಿರುಗಿಸಲಾಯಿತು, ಒಂದು ಪಾಲನ್ನು ಅಮೆರಿಕದ ರಾಯಭಾರ ಕಚೇರಿ ಇಲ್ಲಿಯ ಖರ್ಚಿಗೆ ಇಟ್ಟುಕೊಂಡಿತು. ಆ ಖರ್ಚಿನಲ್ಲಿ ಒಂದು ವಿಚಿತ್ರ ಬಾಬತ್ತು ಪುಸ್ತಕ ಖರೀದಿ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಕಚೇರಿ ತೆರೆದು, ಗೋಧಿಯ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಇಂದು ಅಮೆರಿಕದ ಕೆಲವು ಗ್ರಂಥಾಲಯಗಳಲ್ಲಿ ನಮ್ಮ ಊರುಗಳಲ್ಲೇ ಸಿಗದ ಹಳೆಯ ಕನ್ನಡ ಪುಸ್ತಕಗಳು ಇರುವುದರ ಹಿಂದೆ ಈ ಗೋಧಿಯೂ ಇದೆ. ರೂಪಾಯಿಯ ರಾಶಿ ಮಾತ್ರ ಕರಗದೆ ಎರಡೂ ದೇಶಗಳಿಗೆ ಮುಜುಗರವಾಗತೊಡಗಿದಾಗ, 1974ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಗಳ ಒಂದೇ ಚೆಕ್ಕನ್ನು ಭಾರತ ಸರ್ಕಾರಕ್ಕೆ ಒಪ್ಪಿಸಿದರು.

ನೆರವನ್ನು ‘ಅಮೆರಿಕ ಕೊಟ್ಟಿತು’ ಎಂದು ಏಕವಚನದಲ್ಲಿ ಹೇಳುವುದರಿಂದಲೇ ನಮಗೆ ಗೊಂದಲವಾಗುತ್ತದೆ. ಈ ಕಾಯಿದೆಯನ್ನು ವರ್ಷವರ್ಷ ಜೀವಂತವಾಗಿಟ್ಟವರಲ್ಲಿ ಧಾನ್ಯ ಬೆಳೆಯುವ ರಾಜ್ಯಗಳ ಸಂಸದರು ಇದ್ದರು. ಸಾಗಣೆಯ ಅರ್ಧದಷ್ಟಾದರೂ ಅಮೆರಿಕದ ಬಾವುಟದ ಹಡಗುಗಳಲ್ಲೇ ಆಗಬೇಕೆಂಬ ಕಾನೂನಿನಿಂದ ಲಾಭ ಪಡೆದ ಹಡಗು ಕಂಪನಿಗಳು ಇದ್ದವು. ಹಸಿದ ದೇಶ ಕಮ್ಯುನಿಸ್ಟರ ಕಡೆ ವಾಲೀತೆಂದು ಹೆದರಿದ ವಿದೇಶಾಂಗ ಅಧಿಕಾರಿಗಳಿದ್ದರು. ಹಸಿದವರಿಗೆ ಉಣಿಸಬೇಕೆಂಬ ಚರ್ಚುಗಳೂ ಇದ್ದವು. ಇವರಲ್ಲಿ ಯಾರೊಬ್ಬರೂ ಒಂಟಿಯಾಗಿ ಅಷ್ಟು ಗೋಧಿ ಕಳಿಸಲಾರರಾಗಿದ್ದರು.

ಪ್ರಶ್ನೆ: ಆ ಗೋಧಿ ಬಂದದ್ದರಿಂದ ನಮ್ಮ ರೈತ ಹಾಳಾದ, ಕಾಂಗ್ರೆಸ್ ಗಿಡವೂ ಅದರ ಜೊತೆಗೇ ಬಂತು, ಮೇಲೆ ಅವರೆದುರು ಕೈಯೊಡ್ಡಿ ನಿಂತ ಅವಮಾನ ಬೇರೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಇದರಲ್ಲಿ ಎಷ್ಟು ಸತ್ಯವಿದೆ? (ಕೃಷಿಕರು, ಗದಗ)

ಉತ್ತರ: ಅವಮಾನದ ಮಾತಿನಿಂದ ಆರಂಭಿಸೋಣ, ಏಕೆಂದರೆ ಅದಕ್ಕೆ ದಾಖಲೆ ಸ್ಪಷ್ಟವಾಗಿದೆ. 1964–65ರಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ ಇದ್ದ ದೇಶದ ಆಹಾರ ಧಾನ್ಯೋತ್ಪಾದನೆ, ಮರುವರ್ಷದ ಬರಗಾಲದಲ್ಲಿ ಸುಮಾರು 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಅದರ ಮುಂದಿನ ವರ್ಷವೂ ಮಳೆ ಕೈಕೊಟ್ಟಿತು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಧಾನ್ಯ ಸುಮಾರು 1 ಕೋಟಿ ಟನ್. ಬಂದರಿಗೆ ಹಡಗು ತಾಗಿದ ಮೇಲೆ ಪಡಿತರ ಅಂಗಡಿಗೆ ಮೂಟೆ ಹೋಗಬೇಕಾದ ಸ್ಥಿತಿ. ಆಗ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿ ಒಪ್ಪಂದ ಮಾಡಿಕೊಳ್ಳಲು ಒಪ್ಪದೆ, ಸ್ವಲ್ಪ ಸ್ವಲ್ಪವೇ ಧಾನ್ಯ ಬಿಡುಗಡೆ ಮಾಡುತ್ತ, ಪ್ರತಿ ಬಾರಿಯೂ ತಾವೇ ತೀರ್ಮಾನಿಸುತ್ತ ಹೋದರು. ಅವರಿಗೆ ಬೇಕಿದ್ದುದು ಎರಡು. ಭಾರತ ಕೃಷಿಗೆ ಹೆಚ್ಚು ಹಣ ಹಾಕಬೇಕು, ಗೊಬ್ಬರ ಮತ್ತು ಹೊಸ ಬಿತ್ತನೆ ಬೀಜಕ್ಕೆ ಒತ್ತು ಕೊಡಬೇಕು ಎಂಬುದು ಒಂದು. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಟೀಕೆ ಮಾಡಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಸ್ವತಃ ಬಯಸಿದ್ದರು. 1965ರ ನವೆಂಬರಿನಲ್ಲಿ ರೋಮ್ ನಗರದಲ್ಲಿ ಅಮೆರಿಕದ ಕೃಷಿ ಸಚಿವ ಆರ್ವಿಲ್ ಫ್ರೀಮನ್ ಅವರೊಡನೆ ಈ ಬಗ್ಗೆ ಒಪ್ಪಂದವನ್ನೂ ಮಾಡಿಕೊಂಡಿದ್ದರು. ಎರಡನೆಯದಕ್ಕೆ ದೆಹಲಿ ಬಗ್ಗಲಿಲ್ಲ.

1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿ ಗೋಧಿಯ ಬಿತ್ತನೆ ಬೀಜ ಬಂತು. 1964–65ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಇದ್ದ ಗೋಧಿಯ ಉತ್ಪಾದನೆ 1970–71ರ ಹೊತ್ತಿಗೆ 2 ಕೋಟಿ 40 ಲಕ್ಷ ಟನ್ನಿನ ಹತ್ತಿರ ತಲುಪಿತು. ಈ ಬದಲಾವಣೆಗೆ ಜಾನ್ಸನ್ನರ ಬಿಗಿ ಹಗ್ಗ ಕಾರಣವೋ, ಸುಬ್ರಹ್ಮಣ್ಯಂ ಮತ್ತು ಎಂ.ಎಸ್. ಸ್ವಾಮಿನಾಥನ್ ಅವರ ಸಿದ್ಧತೆ ಕಾರಣವೋ ಎಂದು ಕೇಳಿದರೆ, ನನ್ನ ಒಲವು ಎರಡನೆಯದರ ಕಡೆಗೆ. ಬೀಜದ ಪ್ರಯೋಗಗಳು ಬರಕ್ಕೆ ಮೊದಲೇ ನಮ್ಮ ಹೊಲಗಳಲ್ಲಿ ನಡೆದಿದ್ದವು. ಅವಮಾನ ಮಾಡಿದ್ದು, ರಾಜಕಾರಣಿಗಳಲ್ಲಿ ‘ಇನ್ನು ಬೇಡಬಾರದು’ ಎಂಬ ಹಟವನ್ನು ಗಟ್ಟಿಗೊಳಿಸಿತು. ಹಟಕ್ಕೆ ಬೇಕಾದ ಸಾಮಗ್ರಿ ಕೈಯಲ್ಲಿದ್ದುದರಿಂದ ಅದು ಫಲ ಕೊಟ್ಟಿತು.

ರೈತನ ನಷ್ಟದ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊರಗಿನ ಅಗ್ಗದ ಧಾನ್ಯ ದೇಶೀಯ ಬೆಲೆಯನ್ನು ತಗ್ಗಿಸಿ ಬೆಳೆಗಾರನ ಉತ್ಸಾಹ ಕುಗ್ಗಿಸುತ್ತದೆಂದು, ಮುಂದೆ ನೊಬೆಲ್ ಪಡೆದ ಥಿಯೊಡೋರ್ ಶುಲ್ಟ್ಸ್ 1960ರಲ್ಲೇ ಎಚ್ಚರಿಸಿದ್ದರು. ನಂತರ ಲೆಕ್ಕ ಹಾಕಿದವರು, ಆ ಗೋಧಿ ನ್ಯಾಯಬೆಲೆ ಅಂಗಡಿಯ ಮೂಲಕ ಬಹುಪಾಲು ಕೊಳ್ಳುವ ಶಕ್ತಿಯಿಲ್ಲದವರಿಗೇ ಹೋದ ಕಾರಣ ಬೆಲೆಯ ಮೇಲಿನ ಹೊಡೆತ ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ ಎಂದರು. ಬೆಲೆಗಿಂತ ದೊಡ್ಡ ನಷ್ಟ ಬೇರೆಡೆ ಆಯಿತು. ಹಡಗು ಬರುತ್ತದೆಂಬ ಭರವಸೆ ಇದ್ದಷ್ಟು ಕಾಲ, ಕೃಷಿಗೆ ಹಣ ಹಾಕುವ ತುರ್ತು ಯೋಜನಾಕಾರರಿಗೆ ಕಾಣಲಿಲ್ಲ.

ಕಾಂಗ್ರೆಸ್ ಗಿಡದ ಮೇಲಿನ ಆರೋಪವಂತೂ ಸಂಶಯಾಸ್ಪದ. ಪಾರ್ಥೇನಿಯಂ ಕಳೆಯನ್ನು ಪುಣೆಯಲ್ಲಿ ಗುರುತಿಸಿದ್ದು 1955–56ರ ಸುಮಾರಿಗೆ. ಪಿಎಲ್ 480ರ ಮೊದಲ ಒಪ್ಪಂದಕ್ಕೇ ಸಹಿ ಬಿದ್ದದ್ದು 1956ರ ಆಗಸ್ಟಿನಲ್ಲಿ. 1951ರಲ್ಲಿ ಬೇರೊಂದು ಕಾನೂನಿನಡಿ ಅಮೆರಿಕದ ಗೋಧಿ ಸಾಲವಾಗಿ ಬಂದಿತ್ತು, ನಿಜ. ಆದರೆ ಈ ಗಿಡದ ಅದಕ್ಕೂ ಹಳೆಯ ಮಾದರಿಗಳು ಭಾರತದ ಸಸ್ಯಸಂಗ್ರಹಗಳಲ್ಲಿ ಸಿಕ್ಕಿವೆ. ಮೂಟೆಗಳ ಜೊತೆ ಬೀಜ ಬಂದು ಹರಡುವುದಕ್ಕೆ ನೆರವಾಗಿರಬಹುದು. ಗಿಡದ ಮೂಲವೇ ಆ ಮೂಟೆ ಎಂದು ಸಾಧಿಸಲು ಆಗದು.

ನಿಮ್ಮ ತಂದೆಯವರ ಲೆಕ್ಕಕ್ಕೆ ಒಂದು ಜಮೆಯನ್ನೂ ಸೇರಿಸಬೇಕು. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಯುಎಸ್‌ಏಡ್ ನೆರವಿನಿಂದ ಟೆನೆಸ್ಸೀ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಬೆಳೆಯಿತು. ಬೋಧನೆ, ಸಂಶೋಧನೆ ಮತ್ತು ರೈತರಿಗೆ ತಿಳಿಹೇಳುವ ವಿಸ್ತರಣಾ ಕೆಲಸ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಅಮೆರಿಕದ ಮಾದರಿ ಅಲ್ಲಿಂದ ಬಂದದ್ದು. ಗೋಧಿ ತಿಂದು ಮುಗಿಯಿತು, ಆ ವಿಶ್ವವಿದ್ಯಾಲಯ ಇನ್ನೂ ಬೀಜ ಕೊಡುತ್ತಿದೆ.

ಪ್ರಶ್ನೆ: ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯಂತೆ ಪಡೆದವರು ಗೊಣಗುವುದು ಸರಿಯೇ? ಕೊಟ್ಟವರು ನಿಜವಾಗಿ ಏನನ್ನಾದರೂ ವಾಪಸು ಕೇಳುತ್ತಾರೆಂಬುದಕ್ಕೆ ಸಾಕ್ಷ್ಯವಿದೆಯೇ? (ಗೃಹಿಣಿ, ಬಳ್ಳಾರಿ)

ಉತ್ತರ: ದಟ್ಟಿಯ ಜೊತೆ ಚೀಟಿಯೊಂದನ್ನು ಕಟ್ಟಿ ಕೊಟ್ಟಿದ್ದರೆ ಮೊಳ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಸಾಕ್ಷ್ಯ ಧಾರಾಳವಾಗಿದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ಖಾಯಂ ಸದಸ್ಯರಲ್ಲದೆ ಎರಡು ವರ್ಷದ ಸರದಿಗೆ ಆಯ್ಕೆಯಾಗುವ ಹತ್ತು ದೇಶಗಳಿರುತ್ತವೆ. ಹೀಗೆ ಆಯ್ಕೆಯಾದ ಅವಧಿಯಲ್ಲಿ ಒಂದು ದೇಶಕ್ಕೆ ಸಿಗುವ ಅಮೆರಿಕದ ನೆರವು ಸರಾಸರಿ ಶೇ. 59ರಷ್ಟು ಏರುತ್ತದೆ, ಅವಧಿ ಮುಗಿದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಡತನ ಎರಡು ವರ್ಷಕ್ಕೊಮ್ಮೆ ಹೀಗೆ ಏರಿ ಇಳಿಯುವುದಿಲ್ಲ.

ಬ್ರಿಟನ್ನಿನ ಪೆರ್ಗಾವ್ ಅಣೆಕಟ್ಟಿನ ಪ್ರಕರಣ ಇನ್ನೂ ನೇರವಾದದ್ದು. ಮಲೇಷ್ಯಾದ ಈ ಜಲವಿದ್ಯುತ್ ಯೋಜನೆ ಲಾಭದಾಯಕವಲ್ಲವೆಂದು ಬ್ರಿಟನ್ನಿನ ನೆರವು ಇಲಾಖೆಯ ಅಧಿಕಾರಿಗಳೇ ಬರೆದಿಟ್ಟಿದ್ದರು. ಆದರೂ 23 ಕೋಟಿ 40 ಲಕ್ಷ ಪೌಂಡ್ ನೆರವು ಮಂಜೂರಾಯಿತು, ಏಕೆಂದರೆ ಅದರ ಬೆನ್ನಿಗೆ ಮಲೇಷ್ಯಾ ಬ್ರಿಟನ್ನಿನಿಂದ ಭಾರೀ ಮೊತ್ತದ ಶಸ್ತ್ರಾಸ್ತ್ರ ಕೊಳ್ಳುವ ಮಾತುಕತೆ ಇತ್ತು. ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 1994ರಲ್ಲಿ ಹೈಕೋರ್ಟು ಈ ಖರ್ಚು ಕಾನೂನುಬಾಹಿರವೆಂದು ತೀರ್ಪಿತ್ತಿತು. 2002ರಲ್ಲಿ ಬ್ರಿಟನ್ ಹೊಸ ಕಾಯಿದೆ ತಂದು, ನೆರವಿನ ಉದ್ದೇಶ ಬಡತನ ನಿವಾರಣೆಯೇ ಆಗಿರಬೇಕೆಂದು ವಿಧಿಸಿತು. ಕೊಡುವ ದೇಶದ ತೆರಿಗೆದಾರರು ತಮ್ಮ ಸರ್ಕಾರವನ್ನು ಪ್ರಶ್ನಿಸಿ ಗೆದ್ದ ಅಪರೂಪದ ಪ್ರಸಂಗವಿದು.

ಪ್ರಶ್ನೆ: ಕಾವೇರಿ ಐದನೇ ಹಂತಕ್ಕೆ ಜಪಾನ್ ನೆರವು ಎಂದು ಪತ್ರಿಕೆಗಳು ಬರೆಯುತ್ತವೆ. ಅದು ಸಾಲವಲ್ಲವೇ? ಸಾಲವನ್ನು ನೆರವು ಎನ್ನುವುದು ಹೇಗೆ? (ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಉತ್ತರ: ಅದು ಸಾಲವೇ. 2024ರ ಅಕ್ಟೋಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಬೆಂಗಳೂರಿನ ಅಂಚಿನ 110 ಹಳ್ಳಿಗಳ ಪ್ರದೇಶಕ್ಕೆ ತರಲೆಂದು ರೂಪಿಸಿದ ಆ ಯೋಜನೆಗೆ ಜಪಾನ್ ಸರ್ಕಾರದ ನೆರವು ಸಂಸ್ಥೆಯಾದ ಜೈಕಾ ಸಾಲ ಕೊಟ್ಟಿದೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ನಿಯಮದಂತೆ, ಮಾರುಕಟ್ಟೆಗಿಂತ ಸಾಕಷ್ಟು ಕಡಿಮೆ ಬಡ್ಡಿಗೆ, ದೀರ್ಘಾವಧಿಗೆ ಸರ್ಕಾರ ಕೊಡುವ ಸಾಲವೂ ನೆರವಿನ ಲೆಕ್ಕಕ್ಕೆ ಬರುತ್ತದೆ. 2018ರವರೆಗೆ ಸಾಲದ ಪೂರ್ತಿ ಮೊತ್ತವನ್ನು ನೆರವೆಂದು ತೋರಿಸಿ, ಮರುಪಾವತಿಯಾದಂತೆಲ್ಲ ಕಳೆಯುತ್ತಿದ್ದರು. ಈಗ ಅದರಲ್ಲಿ ಎಷ್ಟು ಭಾಗ ನಿಜವಾದ ರಿಯಾಯಿತಿಯೋ ಅಷ್ಟನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಇದೇ ಲೆಕ್ಕದಲ್ಲಿ ಇನ್ನೊಂದು ಸೋಜಿಗವಿದೆ. ಆಶ್ರಯ ಕೇಳಿ ಬಂದವರನ್ನು ತಮ್ಮ ದೇಶದಲ್ಲೇ ಮೊದಲ ವರ್ಷ ಸಾಕುವ ಖರ್ಚನ್ನೂ ಶ್ರೀಮಂತ ದೇಶಗಳು ವಿದೇಶಿ ನೆರವೆಂದು ಬರೆದುಕೊಳ್ಳಬಹುದು.

ಜಪಾನಿಗೆ ಸಿಗುವುದೇನು ಎಂಬುದು ಸಾಲದ ಷರತ್ತನ್ನು ಅವಲಂಬಿಸಿದೆ. 1958ರಲ್ಲಿ ಜಪಾನ್ ಮೊಟ್ಟಮೊದಲ ಯೆನ್ ಸಾಲ ಕೊಟ್ಟದ್ದು ಭಾರತಕ್ಕೇ. ಯುದ್ಧದಲ್ಲಿ ಸೋತ ದೇಶ ಮತ್ತೆ ಏಷ್ಯಾದಲ್ಲಿ ಮಾರುಕಟ್ಟೆ ಕಟ್ಟಿಕೊಳ್ಳುವ ದಾರಿ ಅದಾಗಿತ್ತು. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಶೇ. 0.1ರ ಬಡ್ಡಿಯಲ್ಲಿ 50 ವರ್ಷದ ಸಾಲ ಸಿಕ್ಕಿದೆ, ಜೊತೆಗೆ ಜಪಾನಿನದೇ ಶಿಂಕಾನ್‌ಸೆನ್ ತಂತ್ರಜ್ಞಾನವೂ ಬಂದಿದೆ. ಬಡ್ಡಿಯಲ್ಲಿ ಉಳಿದದ್ದು ಸಾಮಗ್ರಿಯ ಬೆಲೆಯಲ್ಲಿ ಹೋಗುತ್ತದೆಯೇ, ಯೆನ್ ಬಲಗೊಂಡರೆ ಕಂತು ಎಷ್ಟಾಗುತ್ತದೆ ಎಂಬುದನ್ನು ಬ್ಯಾಂಕಿನಲ್ಲಿರುವ ನೀವು ನನಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲಿರಿ.

ಪ್ರಶ್ನೆ: ನಮ್ಮಲ್ಲೇ ಶಾಲೆಗಳು ಸೋರುತ್ತಿರುವಾಗ ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್‌ಗಳಿಗೆ ಸಾವಿರಾರು ಕೋಟಿ ಕೊಡುವುದು ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬಂತಲ್ಲವೇ? (ವರ್ತಕರು, ತುಮಕೂರು)

ಉತ್ತರ: ಕೋಪ ಅರ್ಥವಾಗುವಂಥದ್ದು, ಬ್ರಿಟನ್ನಿನ ತೆರಿಗೆದಾರನೂ ಭಾರತಕ್ಕೆ ಕೊಡುವ ನೆರವಿನ ಬಗ್ಗೆ ಇದನ್ನೇ ಕೇಳಿ, 2012ರಲ್ಲಿ ಅಲ್ಲಿಯ ಸರ್ಕಾರ ಅದನ್ನು 2015ಕ್ಕೆ ನಿಲ್ಲಿಸುವುದಾಗಿ ಘೋಷಿಸಬೇಕಾಯಿತು. ಆದರೆ ಭೂತಾನಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿ.

1961ರಲ್ಲಿ ಆರಂಭವಾದ ಭೂತಾನಿನ ಮೊದಲ ಪಂಚವಾರ್ಷಿಕ ಯೋಜನೆಯ ಪೂರ್ತಿ ಖರ್ಚನ್ನು ಭಾರತ ವಹಿಸಿಕೊಂಡಿತು. ಟಿಬೆಟಿನಲ್ಲಿ ಚೀನಾದ ಸೇನೆ ಬಂದು ನಿಂತಿದ್ದ ಕಾಲವದು. ಭಾರತದ ಗಡಿಯಿಂದ ಭೂತಾನಿನೊಳಕ್ಕೆ ಮೋಟಾರು ಓಡುವ ರಸ್ತೆಯೇ ಇರಲಿಲ್ಲ. ನಂತರ ಬಂದದ್ದು ಚುಖಾ ಜಲವಿದ್ಯುತ್ ಯೋಜನೆ. 336 ಮೆಗಾವಾಟಿನ ಈ ಸ್ಥಾವರಕ್ಕೆ ಭಾರತ ಶೇ. 60ನ್ನು ಅನುದಾನವಾಗಿ, ಶೇ. 40ನ್ನು ಸಾಲವಾಗಿ ಕೊಟ್ಟಿತು. 1980ರ ದಶಕದ ಕೊನೆಗೆ ಅದು ಪೂರ್ಣಗೊಂಡಾಗ ವಿದ್ಯುತ್ತಿನ ಬಹುಭಾಗವನ್ನು ಭಾರತವೇ ಕೊಂಡಿತು. ಮಾರಾಟದ ಹಣದಿಂದ ಸಾಲ ತೀರಿತು, ಉಳಿದ ಹಣದಿಂದ ಭೂತಾನ್ ಶಾಲೆ ಮತ್ತು ಆಸ್ಪತ್ರೆಗಳನ್ನು ನಡೆಸಿತು, ನಮ್ಮ ಪೂರ್ವ ರಾಜ್ಯಗಳಿಗೆ ಅಗ್ಗದ ವಿದ್ಯುತ್ ದೊರೆಯಿತು. ಎರಡೂ ಕಡೆ ಲಾಭವಾದ ನೆರವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಂತೆ ಏಷ್ಯಾದಲ್ಲಿ ಹೆಚ್ಚಿಲ್ಲ. ಆದರೆ ಅದೇ ಸೂತ್ರ ಮುಂದೆ ಅಷ್ಟು ಸಲೀಸಾಗಿ ನಡೆಯಲಿಲ್ಲ. ಹೊಸ ಯೋಜನೆಗಳಲ್ಲಿ ಅನುದಾನದ ಪಾಲು ಕುಗ್ಗಿ ಸಾಲದ ಪಾಲು ಹೆಚ್ಚಿತು; 2008ರಲ್ಲಿ ಕೈಗೆತ್ತಿಕೊಂಡ ಪುನತ್ಸಾಂಗ್‌ಛು–1 ಯೋಜನೆ ಗುಡ್ಡ ಜರುಗಿದ್ದರಿಂದ ವರ್ಷಗಟ್ಟಲೆ ನಿಂತು, ವೆಚ್ಚ ಹಲವು ಪಟ್ಟು ಏರಿತು. ಇಂದು ಭೂತಾನಿನ ವಿದೇಶಿ ಸಾಲದ ದೊಡ್ಡ ಪಾಲು ಜಲವಿದ್ಯುತ್ತಿನದು, ಅದೂ ಭಾರತಕ್ಕೆ ಕೊಡಬೇಕಾದದ್ದು. ಕೊಡುವ ದೇಶವಾಗಿ ನಮ್ಮ ಮೇಲೂ ಗೊಣಗಾಟ ಇರುತ್ತದೆ ಎಂಬುದನ್ನು ನಾವು ಅರಿತಿರಬೇಕು. 2024ರಿಂದ 2029ರವರೆಗಿನ ಯೋಜನಾವಧಿಗೆ ಭಾರತ ಭೂತಾನಿಗೆ ಘೋಷಿಸಿದ ನೆರವು 10,000 ಕೋಟಿ ರೂಪಾಯಿ.

ಶ್ರೀಲಂಕಾದ ವಿಷಯ ಬೇರೆ. 2022ರಲ್ಲಿ ಅಲ್ಲಿ ಪೆಟ್ರೋಲು, ಔಷಧಿ, ಅಡುಗೆ ಅನಿಲ ಮುಗಿದಾಗ ಭಾರತ ಕೊಟ್ಟ ಸುಮಾರು 400 ಕೋಟಿ ಡಾಲರುಗಳ ಬೆಂಬಲದಲ್ಲಿ ಹೆಚ್ಚಿನದು ಸಾಲ, ಪಾವತಿ ಮುಂದೂಡಿಕೆ ಮತ್ತು ಕರೆನ್ಸಿ ವಿನಿಮಯದ ರೂಪದ್ದು. ಆ ಹಣದಿಂದ ಕೊಂಡ ಇಂಧನ ಮತ್ತು ಅಕ್ಕಿ ಬಹುಪಾಲು ಭಾರತದಿಂದಲೇ ಹೋಯಿತು. ಹಂಬನತೋಟ ಬಂದರು 2017ರಲ್ಲಿ 99 ವರ್ಷಕ್ಕೆ ಚೀನೀ ಕಂಪನಿಯ ಕೈಸೇರಿದ್ದನ್ನು ನೋಡಿದ್ದ ದೆಹಲಿಗೆ, ಪಕ್ಕದ ಮನೆ ಯಾರ ಸಾಲದಲ್ಲಿ ಇರಬೇಕು ಎಂಬುದು ಕೇವಲ ಉಪಕಾರದ ಪ್ರಶ್ನೆಯಾಗಿರಲಿಲ್ಲ. ಸೋರುವ ಶಾಲೆಗೆ ಹಣವಿಲ್ಲದಿರಲು ಭೂತಾನ್ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣಗಳನ್ನು ಬೆಂಗಳೂರಿನಲ್ಲಿ ಹುಡುಕುವುದು ಲೇಸು.

ಪ್ರಶ್ನೆ: ಆಫ್ರಿಕಾಕ್ಕೆ ದಶಕಗಳಿಂದ ನೆರವು ಹರಿದರೂ ಬಡತನ ಹೋಗಿಲ್ಲ, ದಕ್ಷಿಣ ಕೊರಿಯಾ ಮಾತ್ರ ಉದ್ಧಾರವಾಯಿತು. ಹಾಗಾದರೆ ನೆರವಿನಿಂದ ಅಭಿವೃದ್ಧಿ ಆಗುತ್ತದೆಯೋ ಇಲ್ಲವೋ? ಅರ್ಥಶಾಸ್ತ್ರಜ್ಞರು ಏನು ಹೇಳುತ್ತಾರೆ? (ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಅರ್ಥಶಾಸ್ತ್ರಜ್ಞರು ಜಗಳವಾಡುತ್ತಾರೆ. ಜೆಫ್ರಿ ಸ್ಯಾಕ್ಸ್ ಅವರಂಥವರು, ತೀರಾ ಬಡ ದೇಶಕ್ಕೆ ಉಳಿತಾಯವೇ ಇರುವುದಿಲ್ಲವಾದ್ದರಿಂದ ಹೊರಗಿನ ದೊಡ್ಡ ನೂಕು ಬೇಕೆನ್ನುತ್ತಾರೆ. ವಿಲಿಯಂ ಈಸ್ಟರ್ಲಿ ಮತ್ತು ಜಾಂಬಿಯಾದ ಡಂಬೀಸಾ ಮೋಯೊ, ಮೇಲಿನಿಂದ ಸುರಿದ ಹಣ ಸರ್ಕಾರಗಳನ್ನು ಸೋಮಾರಿಗಳನ್ನಾಗಿಸಿದೆ ಎನ್ನುತ್ತಾರೆ. 2000ದಲ್ಲಿ ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು, ಒಳ್ಳೆಯ ಆರ್ಥಿಕ ನೀತಿಯಿರುವ ದೇಶದಲ್ಲಿ ನೆರವು ಬೆಳವಣಿಗೆ ತರುತ್ತದೆ ಎಂದು ಅಂಕಿಅಂಶಗಳಿಂದ ತೋರಿಸಿದರು. ಆ ಮಾತು ಎಲ್ಲ ರಾಜಧಾನಿಗಳಲ್ಲೂ ಹಬ್ಬಿತು. ನಾಲ್ಕು ವರ್ಷದ ನಂತರ ಈಸ್ಟರ್ಲಿ ಮತ್ತು ಸಂಗಡಿಗರು ಅದೇ ಲೆಕ್ಕಕ್ಕೆ ಇನ್ನಷ್ಟು ವರ್ಷಗಳ ಅಂಕಿ ಸೇರಿಸಿದಾಗ ಆ ಫಲಿತಾಂಶ ನಿಲ್ಲಲಿಲ್ಲ.

ಈ ಜಗಳ ಮುಗಿಯದಿರಲು ಕಾರಣ, ‘ನೆರವು’ ಎಂಬ ಒಂದೇ ಮೂಟೆಯಲ್ಲಿ ತೀರ ಬೇರೆಬೇರೆ ವಸ್ತುಗಳನ್ನು ತುಂಬಿರುವುದು. ಕಾಂಗೋದಲ್ಲಿ 1965ರಿಂದ 1997ರವರೆಗೆ ಆಳಿದ ಮೊಬುಟುವಿಗೆ ಪಶ್ಚಿಮದ ದೇಶಗಳು ಹಣ ಕೊಟ್ಟದ್ದು ಆತ ಸೋವಿಯತ್ ವಿರೋಧಿಯಾಗಿದ್ದ ಕಾರಣಕ್ಕೆ. ಆತ ವಿರೋಧಿಯಾಗಿಯೇ ಉಳಿದ. ಕೊಟ್ಟವರು ಬಯಸಿದ್ದು ಅವರಿಗೆ ಸಿಕ್ಕಿತು. ಅಲ್ಲಿ ಬಡತನ ಹೋಗಲಿಲ್ಲವೆಂದು ಆ ಹಣವನ್ನು ‘ವಿಫಲ ಅಭಿವೃದ್ಧಿ’ ಎಂದು ಲೆಕ್ಕ ಹಿಡಿದರೆ, ಯಾರೂ ಬರೆಯದ ಪರೀಕ್ಷೆಯಲ್ಲಿ ನಪಾಸು ಮಾಡಿದಂತಾಗುತ್ತದೆ.

ಇದರ ಎದುರಿಗೆ ಸಿಡುಬನ್ನು ಇಡಿ. 1967ರಲ್ಲಿ ತೀವ್ರಗೊಂಡ ನಿರ್ಮೂಲನ ಕಾರ್ಯಕ್ರಮಕ್ಕೆ ಲೋಕದಾದ್ಯಂತ ತಗಲಿದ್ದು ಸುಮಾರು 30 ಕೋಟಿ ಡಾಲರು, ಅದರಲ್ಲಿ ಹೊರಗಿನ ನೆರವು ಮೂರನೇ ಒಂದು ಭಾಗದಷ್ಟು. ಶೀತಲ ಸಮರದ ನಡುವೆಯೂ ಸೋವಿಯತ್ ಒಕ್ಕೂಟ ಒಣಗಿಸಿದ ಲಸಿಕೆಯನ್ನು ಕೋಟಿಗಟ್ಟಲೆ ಪ್ರಮಾಣದಲ್ಲಿ ಕೊಟ್ಟಿತು, ಅಮೆರಿಕ ತಜ್ಞರನ್ನು ಕಳಿಸಿತು, ಸ್ವೀಡನ್ ಭಾರತದ ಕೊನೆಯ ಹಂತಕ್ಕೆ ಹಣ ಕೊಟ್ಟಿತು, ಮನೆಮನೆ ಅಲೆದ ಕಾರ್ಯಕರ್ತರು ನಮ್ಮವರು. 1975ರ ಮೇ ತಿಂಗಳಿನ ನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಮುಕ್ತವಾಯಿತೆಂದು ಸಾರಿತು. ರೋಗ ಉಂಟೋ ಇಲ್ಲವೋ ಎಂದು ಎಣಿಸಿ ಹೇಳಬಹುದಾದ ಕೆಲಸ ಅದು. ಕೊಡುವವರಿಗೂ ಪಡೆಯುವವರಿಗೂ ಬೇಕಾದದ್ದು ಒಂದೇ ಆಗಿತ್ತು. ಇಂಥ ಕಡೆ ನೆರವು ಮತ್ತೆಮತ್ತೆ ಗೆದ್ದಿದೆ.

ಕೊರಿಯಾದ ಬಗ್ಗೆ ಒಂದು ಮಾತು. 1950ರ ದಶಕದಲ್ಲಿ ಅದು ಅಮೆರಿಕದ ನೆರವಿನ ಮೇಲೆಯೇ ಉಸಿರಾಡುತ್ತಿತ್ತು, ಆಗ ಬೆಳವಣಿಗೆ ನಿಧಾನವಾಗಿತ್ತು. ನೆರವು ಇಳಿಯುತ್ತದೆಂದು ಗೊತ್ತಾದ ಮೇಲೆ, 1960ರ ದಶಕದಲ್ಲಿ ಅಲ್ಲಿಯ ಸರ್ಕಾರ ರಫ್ತಿನತ್ತ ತಿರುಗಿತು. 2010ರಲ್ಲಿ ಶ್ರೀಮಂತ ದಾನಿಗಳ ಸಮಿತಿಗೇ ಸದಸ್ಯನಾಯಿತು. ಆದರೆ ನೆರವಿನ ಕಾಲದಲ್ಲಿ ಕಟ್ಟಿದ ಶಾಲೆಗಳು ಮತ್ತು ಭೂಸುಧಾರಣೆ ಇಲ್ಲದಿದ್ದರೆ ಆ ತಿರುವು ಸಾಧ್ಯವಿತ್ತೇ ಎಂಬುದು ನಿಮ್ಮ ಪ್ರಬಂಧಕ್ಕೆ ಒಳ್ಳೆಯ ವಿಷಯ.

ಅಳೆಯುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಊರಿನಲ್ಲಿರುವ ತಾಯಿಯ ಔಷಧಿಗೆಂದು ಮಗ ಹಣ ಕಳಿಸುತ್ತಾನೆ. ಔಷಧಿಗೆ ಮೊದಲೇ ತೆಗೆದಿಟ್ಟಿದ್ದ ಮನೆಯ ಹಣ ತಮ್ಮನ ಮೋಟಾರ್ ಸೈಕಲ್ಲಿಗೆ ಹೋಗುತ್ತದೆ. ರಸೀದಿ ನೋಡಿದರೆ ಔಷಧಿಯೇ ಬಂದಿದೆ, ಆದರೆ ಮಗನ ಹಣದಿಂದ ನಿಜವಾಗಿ ಬಂದದ್ದು ಮೋಟಾರ್ ಸೈಕಲ್ಲು. ದಾನಿಗಳು ಶಾಲೆ ಕಟ್ಟಿಸಿದಾಗ ಸರ್ಕಾರದ ಶಾಲೆಯ ಹಣ ಸೈನ್ಯಕ್ಕೆ ಜಾರುವುದೂ ಹೀಗೆಯೇ. ಆದ್ದರಿಂದ ಯೋಜನೆಯ ವರದಿ ಓದಿ ತೃಪ್ತರಾಗದೆ, ಪಡೆದ ದೇಶದ ಇಡೀ ಬಜೆಟ್ಟನ್ನು ನೋಡಬೇಕಾಗುತ್ತದೆ.

ಪ್ರಶ್ನೆ: ಯುಎಸ್‌ಏಡ್ ಮುಚ್ಚಿದ್ದರಿಂದ ಪರಿಣಾಮವೇನು? ನಮಗೇನಾದರೂ ಸಂಬಂಧವಿದೆಯೇ? (ಔಷಧ ಅಂಗಡಿ ಮಾಲೀಕರು, ಮೈಸೂರು)

ಉತ್ತರ: ಕೆನಡಿಯವರು 1961ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಹೆಚ್ಚಿನ ಯೋಜನೆಗಳನ್ನು 2025ರ ಆರಂಭದಲ್ಲಿ ರದ್ದುಮಾಡಿ, ಉಳಿದದ್ದನ್ನು ಅದೇ ವರ್ಷದ ಜುಲೈ 1ರಿಂದ ವಿದೇಶಾಂಗ ಇಲಾಖೆಗೆ ವಹಿಸಲಾಯಿತು. ಬ್ರಿಟನ್ ಕೂಡ, 2021ರಲ್ಲಿ ರಾಷ್ಟ್ರೀಯ ಆದಾಯದ ಶೇ. 0.7ರಿಂದ ಶೇ. 0.5ಕ್ಕೆ ಇಳಿಸಿದ್ದ ತನ್ನ ನೆರವನ್ನು 2027ಕ್ಕೆ ಶೇ. 0.3ಕ್ಕೆ ತರುವುದಾಗಿ ಹೇಳಿದೆ. ರಸ್ತೆ ಅಥವಾ ಕಟ್ಟಡದ ಯೋಜನೆ ನಿಂತರೆ ಅರ್ಧಕ್ಕೆ ನಿಲ್ಲುತ್ತದೆ, ಅಷ್ಟೆ. ಎಚ್‌ಐವಿ ಔಷಧಿ ಹಾಗಲ್ಲ. ಅದನ್ನು ಜೀವನಪರ್ಯಂತ, ಪ್ರತಿದಿನ ತೆಗೆದುಕೊಳ್ಳಬೇಕು. 2003ರಲ್ಲಿ ಜಾರ್ಜ್ ಬುಷ್ ಆರಂಭಿಸಿದ ಪೆಪ್‌ಫಾರ್ ಕಾರ್ಯಕ್ರಮದ ಔಷಧಿಗಳಿಂದ ಬದುಕಿರುವವರ ಸಂಖ್ಯೆ ಲಕ್ಷಗಳಲ್ಲಿ ಅಲ್ಲ, ಕೋಟಿಗಳಲ್ಲಿ ಇದೆ. ದಕ್ಷಿಣ ಆಫ್ರಿಕಾ ತನ್ನ ಎಚ್‌ಐವಿ ಖರ್ಚಿನ ದೊಡ್ಡ ಪಾಲನ್ನು ತಾನೇ ಭರಿಸುತ್ತಿದ್ದುದರಿಂದ ತಡವರಿಸಿಯಾದರೂ ನಿಲ್ಲಬಲ್ಲದು. ಮಲಾವಿ, ಮೊಜಾಂಬಿಕ್‌ಗಳಿಗೆ ಆ ಶಕ್ತಿಯಿಲ್ಲ.

ನಮಗೆ ಇರುವ ಸಂಬಂಧ ನಿಮ್ಮ ವ್ಯಾಪಾರಕ್ಕೇ ಸೇರಿದ್ದು. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ, ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟು ತಗಲುತ್ತಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುವುದಾಗಿ ಹೇಳಿತು. ಪೆಪ್‌ಫಾರ್ ಆರಂಭದಲ್ಲಿ ದುಬಾರಿ ಬ್ರ್ಯಾಂಡಿನ ಔಷಧಿಗಳತ್ತಲೇ ವಾಲಿತ್ತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಜೆನೆರಿಕ್ ಔಷಧಿಗಳಿಗೆ ವಿಶೇಷ ಅನುಮೋದನೆಯ ದಾರಿ ತೆರೆದ ಮೇಲೆ ಅದೇ ಹಣದಲ್ಲಿ ಹಲವು ಪಟ್ಟು ಹೆಚ್ಚು ರೋಗಿಗಳಿಗೆ ಮಾತ್ರೆ ಸಿಗುವಂತಾಯಿತು. ಅಂದಿನಿಂದ ಆಫ್ರಿಕಾಕ್ಕೆ ದಾನಿಗಳ ಹಣದಲ್ಲಿ ಹೋಗುವ ಎಚ್‌ಐವಿ ಮಾತ್ರೆಗಳಲ್ಲಿ ಬಹುಪಾಲು ಮುಂಬೈ, ಹೈದರಾಬಾದ್ ಮತ್ತು ಬೆಂಗಳೂರಿನ ಕಂಪನಿಗಳವು. ಅಮೆರಿಕದ ಖರೀದಿ ಆದೇಶ ಕಡಿಮೆಯಾದಷ್ಟೂ ಈ ಕಾರ್ಖಾನೆಗಳ ಉತ್ಪಾದನೆ ಕುಗ್ಗುತ್ತದೆ. ಪ್ರಮಾಣ ಕುಗ್ಗಿದರೆ ಒಂದೊಂದು ಮಾತ್ರೆಯ ತಯಾರಿಕಾ ವೆಚ್ಚ ಏರುತ್ತದೆ, ಸ್ವಂತ ಹಣದಿಂದ ಕೊಳ್ಳಲು ಹೊರಟ ಬಡ ದೇಶಗಳು ಆ ಏರಿದ ಬೆಲೆಯನ್ನೇ ಕೊಡಬೇಕಾಗುತ್ತದೆ.